ಒಪ್ಪದವರ ಮಾತಿಗೂ ನಡಾವಳಿಯಲ್ಲಿ ಜಾಗ: ಗ್ರಾಮಸಭೆ ನಡೆಸುವವರಿಗೊಂದು ಕೈಪಿಡಿ

‘ಸಭೆಯಲ್ಲಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು’ ಎಂಬ ವಾಕ್ಯ ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕ ತಿರುವಿದವರಿಗೆಲ್ಲ ಚಿರಪರಿಚಿತ. ಆದರೆ ಆ ಸಭೆಯಲ್ಲಿ ಕೂತಿದ್ದವರಿಗೆ ಬೇರೆಯದೇ ನೆನಪಿರುತ್ತದೆ: ಕಾಲೋನಿಗೆ ಮೊದಲು ರಸ್ತೆ ಮಾಡಿ ಎಂದು ಒಬ್ಬರು ಎದ್ದು ನಿಂತು ವಾದಿಸಿದ್ದು, ಲೈನ್ ಮನೆಗಳ (ಎಸ್ಟೇಟ್ ಕಾರ್ಮಿಕರ ಸಾಲುಮನೆಗಳ) ಹೆಂಗಸರು ಕುಡಿಯುವ ನೀರಿನ ವಿಚಾರ ಎತ್ತಿದಾಗ ಅದು ಎಸ್ಟೇಟಿನವರ ಜವಾಬ್ದಾರಿ ಎಂದು ಹೇಳಿ ಮಾತು ಮುಗಿಸಿದ್ದು, ಹಿಂದಿನ ಸಾಲಿನಿಂದ ಇಬ್ಬರು ಗೊಣಗುತ್ತ ಹೊರನಡೆದದ್ದು. ಇದಾವುದೂ ಪುಸ್ತಕಕ್ಕೆ ಇಳಿಯುವುದಿಲ್ಲ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಭೆ ನಡೆಸುವ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ), ನೋಡಲ್ ಅಧಿಕಾರಿಗಳು, ಹಾಗೆಯೇ ಬೆಳೆಗಾರರ ಸಂಘ ಮತ್ತು ಸಹಕಾರ ಸಂಘಗಳ ಪದಾಧಿಕಾರಿಗಳು ವಿರೋಧದ ಮಾತಿಗೆ ಹೇಗೆ ಜಾಗ ಮಾಡಿಕೊಡಬಹುದು ಎಂಬುದನ್ನು ಈ ಲೇಖನ ವಿವರಿಸುತ್ತದೆ. ವಿರೋಧಿಸುವವರಿಗೂ ಕೊನೆಯಲ್ಲಿ ಕೆಲವು ಮಾತುಗಳಿವೆ.

ಇದರ ಅಗತ್ಯವೇನು ಎಂದು ಮೊದಲು ನೋಡೋಣ

ಮಲೆನಾಡಿನ ಒಂದೇ ಪಂಚಾಯಿತಿಯ ವ್ಯಾಪ್ತಿಯಲ್ಲಿ ನೂರು ಎಕರೆ ತೋಟದವರು, ಎರಡು ಎಕರೆ ಕಾಫಿಯವರು, ತಲೆಮಾರುಗಳಿಂದ ಲೈನಿನಲ್ಲಿರುವ ತಮಿಳು ಮಾತಿನ ಕಾರ್ಮಿಕರು, ಈಚೆಗೆ ಅಸ್ಸಾಮಿನಿಂದ ಬಂದವರು, ದಲಿತ ಕಾಲೋನಿಯವರು, ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳು, ಗುಡ್ಡದ ಮೇಲಿನ ಆದಿವಾಸಿಗಳು, ಹೇಮಾವತಿ ಜಲಾಶಯಕ್ಕಾಗಿ ಊರು ಬಿಟ್ಟುಬಂದವರು ಒಟ್ಟಿಗೆ ಬದುಕುತ್ತಿರಬಹುದು. ಕಾಡಾನೆಯ ವಿಷಯ ಬಂದರೆ ಮಾಲೀಕರೂ ಕಾರ್ಮಿಕರೂ ಒಂದೇ ಕಡೆ ನಿಲ್ಲುತ್ತಾರೆ. ಕೂಲಿಯ ವಿಷಯ ಬಂದರೆ ಎದುರುಬದುರಾಗುತ್ತಾರೆ. ಒತ್ತುವರಿ ಭೂಮಿಯ ಪ್ರಶ್ನೆ ಎದ್ದರೆ ಸಣ್ಣ ಹಿಡುವಳಿದಾರರೂ ನಿವೇಶನರಹಿತರೂ ಬೇರೆಬೇರೆಯಾಗುತ್ತಾರೆ. ಹೀಗೆ ಪ್ರಶ್ನೆ ಬದಲಾದಂತೆ ಬಹುಮತವೂ ಬದಲಾಗುತ್ತಿದ್ದರೆ ತೊಂದರೆಯಿಲ್ಲ. ಇಂದು ಸೋತವರು ನಾಳೆ ಗೆಲ್ಲಬಹುದೆಂಬ ನಂಬಿಕೆಯಲ್ಲಿ ನಿರ್ಣಯಕ್ಕೆ ತಲೆಬಾಗುತ್ತಾರೆ. ಕಷ್ಟ ಬರುವುದು ಜಾತಿ, ಧರ್ಮ, ಭಾಷೆಗಳ ಲೆಕ್ಕದಲ್ಲಿ ಯಾವಾಗಲೂ ಕಡಿಮೆಯಾಗಿಯೇ ಉಳಿಯುವವರಿಗೆ. ಅವರ ಪಾಲಿಗೆ ಕೈ ಎತ್ತಿ ಎಣಿಸುವ ಪದ್ಧತಿಯೆಂದರೆ ಪ್ರತಿ ಸಲವೂ ಸೋಲುವುದನ್ನು ಖಚಿತಪಡಿಸುವ ಪದ್ಧತಿ. ವೈವಿಧ್ಯವಿರುವ ಪ್ರಜಾಪ್ರಭುತ್ವದಲ್ಲಿ ಮತದಾನದ ಜೊತೆಗೆ ಇನ್ನೂ ಏನೋ ಬೇಕು ಎನ್ನುವುದು ಇದಕ್ಕಾಗಿ: ಸೋತವರ ಮಾತು ಕೇಳಿಸಿತು, ಬರೆಯಲ್ಪಟ್ಟಿತು, ಅದಕ್ಕೆ ಉತ್ತರ ಸಿಕ್ಕಿತು, ಆಡಿದ್ದಕ್ಕೆ ಶಿಕ್ಷೆಯಾಗಲಿಲ್ಲ ಎಂಬ ನಾಲ್ಕು ಖಾತರಿಗಳು.

ಗಣಿಗಾರಿಕೆಯಂಥ ಚಟುವಟಿಕೆಗಳನ್ನು ನಿಷೇಧಿಸಲು ಗುರುತಿಸುವ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿವಾದ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಸೇರಿತ್ತು. ಆಕ್ಷೇಪಣೆಗೆ 60 ದಿನಗಳ ಅವಕಾಶವಿತ್ತು. ಈ ಪ್ರದೇಶವನ್ನು ಗುರುತಿಸಲು ಕೇಂದ್ರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿಯು ತನ್ನ ವರದಿಯಲ್ಲಿ ಹಳ್ಳಿಯನ್ನೇ ಘಟಕವಾಗಿಟ್ಟುಕೊಂಡು, ಶೇ 20 ಅಥವಾ ಅದಕ್ಕಿಂತ ಹೆಚ್ಚು ನೈಸರ್ಗಿಕ ಭೂಪ್ರದೇಶವಿರುವ ಇಡೀ ಹಳ್ಳಿಯನ್ನು ಪಟ್ಟಿಗೆ ಸೇರಿಸಿದ್ದರಿಂದ, ಉಪಗ್ರಹ ಚಿತ್ರದಲ್ಲಿ ಹಸಿರಾಗಿ ಕಂಡದ್ದೆಲ್ಲ ಕಾಡಲ್ಲ, ಅದರಲ್ಲಿ ನಮ್ಮ ಮರದ ನೆರಳಿನ ಕಾಫಿ ತೋಟವೂ ಇದೆ ಎಂದು ಮಲೆನಾಡಿನವರು ವಾದಿಸಿದರು. ನೆಲದ ಮೇಲಿರುವವರಿಗೆ ಮಾತ್ರ ಗೊತ್ತಿರುವ ಸಂಗತಿ ಅದು, ಮತ್ತು ಅಧಿಕಾರದಲ್ಲಿರುವವರು ವಿರೋಧವನ್ನು ಕೇಳಬೇಕೆನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆದರೆ ವರದಿಯನ್ನು ತಿರಸ್ಕರಿಸುವ ನಿರ್ಣಯಕ್ಕೆಂದು ಸೇರಿದ ಸಭೆಯಲ್ಲಿ ‘ಗಣಿಗಾರಿಕೆ ನಿಷೇಧವಾದರೂ ಇರಲಿ’ ಎಂದು ಹೇಳಲು ಎಷ್ಟು ಮಂದಿಗೆ ಧೈರ್ಯವಿರುತ್ತದೆ? ಹಾಗೆ ಹೇಳಿದವರನ್ನು ಊರಿನ ವಿರೋಧಿ ಎಂದು ಕರೆಯುವುದು ಸುಲಭ. ದೆಹಲಿ ನಮ್ಮ ಆಕ್ಷೇಪಣೆ ಕೇಳಲಿಲ್ಲವೆಂದು ದೂರುವ ಸಭೆಯೇ ತನ್ನೊಳಗಿನ ಆಕ್ಷೇಪಣೆಯನ್ನು ಕೇಳದಿದ್ದರೆ, ಆ ದೂರಿಗೆ ನೈತಿಕ ಬಲ ಉಳಿಯುವುದಿಲ್ಲ. ಈ ಬರಹದ ಮುಖ್ಯ ವಾದವೇ ಇದು.

ಎರಡು ಶಾಸನಗಳು ಮತ್ತು ಒಂದು ಉಪಚುನಾವಣೆ

ಒಳ್ಳೆಯ ಮನಸ್ಸಿದ್ದರೆ ಸಾಕು, ವ್ಯವಸ್ಥೆ ಯಾಕೆ ಬೇಕು ಎನ್ನುವವರು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನದ ವಿವರಗಳನ್ನು ಗಮನಿಸಬೇಕು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅವನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಶಾಸನ ನಿಲ್ಲುವುದಿಲ್ಲ. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು, ಆ ಮೊತ್ತದಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು, ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸಬೇಕು, ಇದರ ಹೊಣೆಯನ್ನು ತಿರುಮಲೆಯ ತಾತಯ್ಯ, ಎಂದರೆ ವೈಷ್ಣವರ ಕಡೆಯವರೇ, ಹೊರಬೇಕು ಎಂದು ಅದು ಗೊತ್ತುಮಾಡುತ್ತದೆ. ದೂರು ದಾಖಲಾಯಿತು, ರಕ್ಷಣೆಗೆ ಜನ ಮತ್ತು ಹಣ ಗೊತ್ತಾಯಿತು, ಬಲವಿದ್ದವರ ಮೇಲೆ ಹೊಣೆ ಬಿತ್ತು. ರಕ್ಷಣೆಯ ಖರ್ಚನ್ನು ದೂರುಕೊಟ್ಟವರೇ ಹೊರಬೇಕಾದದ್ದು ಇಂದಿನ ನ್ಯಾಯಕ್ಕೆ ಒಗ್ಗುವುದಿಲ್ಲವೆಂಬುದೂ ನಿಜ.

ಇದೇ ಹಾಸನ ಜಿಲ್ಲೆಯ ಹಳೇಬೀಡಿನ 1638ರ ಶಾಸನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ್ದರಿಂದ ಎದ್ದ ವ್ಯಾಜ್ಯದಲ್ಲಿ, ಜೈನರು ಮೊದಲು ವಿಭೂತಿ, ಬಿಲ್ವಗಳನ್ನು ಅರ್ಪಿಸಿ ಆಮೇಲೆ ತಮ್ಮ ಪದ್ಧತಿಯಂತೆ ಪೂಜೆ ಮಾಡಿಕೊಳ್ಳಬಹುದೆಂದು ವೀರಶೈವ ಮುಖಂಡರು ಒಪ್ಪಂದಕ್ಕೆ ಬಂದರು. ರಕ್ತ ಹರಿಯದೆ ವ್ಯಾಜ್ಯ ಮುಗಿದದ್ದು ದೊಡ್ಡ ಮಾತೇ. ಆದರೂ ‘ಮೊದಲು ನಮಗೆ ನಮಿಸು, ಆಮೇಲೆ ನಿನ್ನದನ್ನು ಮಾಡಿಕೋ’ ಎಂಬ ಷರತ್ತು ಅದರಲ್ಲಿದೆ, ಮತ್ತು ನಮ್ಮ ಅನೇಕ ಸಭೆಗಳು ಇಂದಿಗೂ ಅದೇ ಷರತ್ತಿನ ಮೇಲೆ ಮಾತಾಡಲು ಬಿಡುತ್ತವೆ: ಮೊದಲು ಅಧ್ಯಕ್ಷರನ್ನು ಹೊಗಳಬೇಕು, ಊರಿನ ಮೇಲಿನ ಅಭಿಮಾನವನ್ನು ಸಾಬೀತು ಮಾಡಬೇಕು, ಆಮೇಲೆ ಮೆಲ್ಲಗೆ ಒಂದು ‘ಆದರೆ’ ಹೇಳಬಹುದು.

ಇನ್ನು ಹತ್ತಿರದ ಇತಿಹಾಸ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದವರನ್ನು ಸೆರೆಗೆ ಹಾಕಿದ ಇಂದಿರಾ ಗಾಂಧಿಯವರು, ರಾಯ್‌ಬರೇಲಿಯಲ್ಲಿ ಸೋತು, 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ವಿರೋಧ ಪಕ್ಷದ ಸದಸ್ಯೆಯಾಗಿ ಲೋಕಸಭೆಗೆ ಹೋದರು. ಡಿಸೆಂಬರ್‌ನಲ್ಲೇ ಸದನ ಅವರನ್ನು ಹಕ್ಕುಚ್ಯುತಿಯ ಕಾರಣಕ್ಕೆ ಉಚ್ಚಾಟಿಸಿತು. 1981ರಲ್ಲಿ ಬಹುಮತ ಬದಲಾದ ಸದನ ಆ ನಿರ್ಣಯವನ್ನೇ ರದ್ದುಮಾಡಿತು. ಅತ್ತ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು ತುರ್ತು ಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದು, 1996ರಲ್ಲಿ ಪ್ರಧಾನಿಯಾದರು. ಬಾಯಿ ಮುಚ್ಚಿಸಿದವರು ಬಾಯಿ ತೆರೆಯಬೇಕಾಗಿ ಬರುವುದಕ್ಕೂ, ಮುಚ್ಚಿಸಿಕೊಂಡವರು ಅಧಿಕಾರದಲ್ಲಿ ಕೂರುವುದಕ್ಕೂ ಹೆಚ್ಚು ಕಾಲ ಬೇಕಾಗಲಿಲ್ಲ. ವಿರೋಧಿಸುವ ಹಕ್ಕಿನ ಪರವಾಗಿ ಸ್ವಾರ್ಥದ ವಾದವೂ ಇದೆಯೆಂದು ಹೇಳಲು ಈ ಎರಡು ಜಿಲ್ಲೆಗಳಿಗೆ ಹೊರಗಿನ ಉದಾಹರಣೆ ಬೇಕಿಲ್ಲ.

ಸಭೆಗೆ ಮೊದಲು ಮಾಡಬೇಕಾದದ್ದು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ (ಕನಿಷ್ಠ ಹಾಜರಾತಿ) ಇರಬೇಕು. ಪ್ರತಿ ವಾರ್ಡ್ ಸಭೆಯಿಂದ ಕನಿಷ್ಠ 10 ಮಂದಿ ಬಂದಿರಬೇಕು. ಸಾಧ್ಯವಾದ ಮಟ್ಟಿಗೆ ಶೇ 30ರಷ್ಟು ಹೆಂಗಸರೂ, ಜನಸಂಖ್ಯೆಗೆ ಅನುಗುಣವಾಗಿ ಪರಿಶಿಷ್ಟ ಜಾತಿ, ಪಂಗಡದವರೂ ಇರಬೇಕು. ಈ ಅಂಕಿಗಳನ್ನು ಸಹಿ ಸಂಗ್ರಹಿಸಿ ತುಂಬಿಸುವ ಅಭ್ಯಾಸ ಬಿಟ್ಟು, ಯಾರು ಬಂದಿಲ್ಲ ಎಂಬುದನ್ನು ತಿಳಿಯುವ ಸಾಧನವಾಗಿ ಬಳಸಬೇಕು. ಲೈನ್ ಮನೆಗಳಿರುವ ವಾರ್ಡಿನಿಂದ ಹತ್ತು ಮಂದಿಯೂ ಬಂದಿಲ್ಲವೆಂದರೆ ಸಭೆಯ ಹೊತ್ತನ್ನೋ ಸ್ಥಳವನ್ನೋ ತಪ್ಪಾಗಿ ಆರಿಸಲಾಗಿದೆ ಎಂದೇ ತಿಳಿಯಬೇಕು.

ಹೊತ್ತಿನ ಆಯ್ಕೆ ಸಣ್ಣ ವಿಷಯವಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ವಾರದ ನಡುವೆ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರೂ ಬರಲಾರರು; ಸಂತೆಯ ದಿನ ಕರೆದರೂ ಅಷ್ಟೆ; ಸಂಜೆ ಕರೆದರೆ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಲ್ಲಿ ಕತ್ತಲಾದ ಮೇಲೆ ಆನೆಯ ಭಯದಲ್ಲಿ ನಡೆದು ಮನೆ ಸೇರಬೇಕಾಗುತ್ತದೆ. ಆದ್ದರಿಂದ ವಾರ್ಡ್ ಸಭೆಗಳನ್ನು ರಜೆಯ ದಿನ, ಜನರಿರುವ ಕಡೆಗೇ, ಅಂದರೆ ಕಾಲೋನಿಯ ಅಂಗನವಾಡಿಗೋ ಲೈನಿನ ಅಂಗಳಕ್ಕೋ ಒಯ್ಯುವುದು ಉತ್ತಮ. ಆದರೆ ಮಾಲೀಕರ ಬಂಗಲೆಯ ಮುಂದಿನ ಕಣದಲ್ಲಿ ಮಾತ್ರ ಸಭೆ ಬೇಡ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಅಲ್ಲಿ ನಿಂತು ಕೂಲಿಯ ಬಗ್ಗೆ, ನೀರಿನ ಬಗ್ಗೆ ಯಾರೂ ದೂರು ಹೇಳಲಾರರು.

ವಿಷಯಪಟ್ಟಿಯನ್ನು ಮುಂಚಿತವಾಗಿಯೇ ಬರೆದು ಪಂಚಾಯಿತಿ ಕಚೇರಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗಳಲ್ಲಿ ಅಂಟಿಸಬೇಕು. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿನಲ್ಲಿ ವಿವಾದದ ವಿಷಯವನ್ನು ತೂರಿಸುವುದು ವಿರೋಧವನ್ನು ತಪ್ಪಿಸುವ ಹಳೆಯ ಉಪಾಯ. ಅದಕ್ಕೆ ಅವಕಾಶವಿರಬಾರದು.

ಸಭೆಯಲ್ಲಿ

ಮಾತಿನ ಸರದಿಯನ್ನು ಮೊದಲೇ ಹೇಳಿಬಿಡಬೇಕು. ಸಾಮಾನ್ಯವಾಗಿ ಹಿರಿಯರು, ಮುಖಂಡರು ಮೊದಲು ಮಾತಾಡುತ್ತಾರೆ. ಅವರು ಒಂದು ತೀರ್ಮಾನ ಹೇಳಿದ ಮೇಲೆ ಉಳಿದವರು ಅದನ್ನು ಮೀರುವುದು ಕಷ್ಟ. ಈ ಕ್ರಮವನ್ನು ತಿರುಗಿಸಿ, ನಿರ್ಣಯದಿಂದ ಹೆಚ್ಚು ತೊಂದರೆಗೊಳಗಾಗುವವರಿಗೆ ಮೊದಲ ಅವಕಾಶ ಕೊಟ್ಟು, ಮುಖಂಡರನ್ನು ಕೊನೆಗೆ ಇಟ್ಟುಕೊಂಡರೆ ಸಭೆಯ ಸ್ವರೂಪವೇ ಬದಲಾಗುತ್ತದೆ. ಕನ್ನಡ ಸರಾಗವಾಗಿ ಬಾರದವರು ತಮಿಳಿನಲ್ಲೋ ತುಳುವಿನಲ್ಲೋ ಮಾತಾಡಲಿ. ಅದನ್ನು ಕನ್ನಡದಲ್ಲಿ ಹೇಳಬಲ್ಲವರು ಊರಿನಲ್ಲೇ ಇರುತ್ತಾರೆ. ಎದ್ದು ನಿಂತು ಮಾತಾಡಲು ಅಂಜುವವರಿಗಾಗಿ ಹೆಸರಿಲ್ಲದ ಚೀಟಿಗಳನ್ನು ಹಾಕುವ ಒಂದು ಡಬ್ಬವಿಟ್ಟು, ಚೀಟಿಗಳನ್ನು ಸಭೆಯೆದುರೇ ಓದಬೇಕು.

ಗ್ರಾಮ ಪಂಚಾಯಿತಿ ಚುನಾವಣೆ ನಮ್ಮಲ್ಲಿ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಇದರಿಂದ ಅನುಕೂಲವೂ ಇದೆ, ಒಂದು ಅನನುಕೂಲವೂ ಇದೆ: ಪಕ್ಷವೆಂಬ ಪರದೆ ಇಲ್ಲದ್ದರಿಂದ ಪ್ರತಿಯೊಂದು ವಿರೋಧವೂ ಮನೆತನದ ಜಗಳದಂತೆ ಕಾಣುತ್ತದೆ. ‘ಅವರು ಹೇಳುತ್ತಿರುವುದು ಬೇಲಿಯ ತಕರಾರಿನಿಂದ’ ಎಂದು ಯಾರಾದರೂ ಕೂಗಿದ ಕೂಡಲೇ ಸಭಾಧ್ಯಕ್ಷರು ತಡೆದು, ಹೇಳಿದವರು ಯಾರೆಂಬುದನ್ನು ಬಿಟ್ಟು ಹೇಳಿದ್ದೇನೆಂಬುದಕ್ಕೆ ಸಭೆಯನ್ನು ಮರಳಿಸಬೇಕು. ಬೇಲಿಯ ತಕರಾರು ಇರಲೂಬಹುದು. ಚರಂಡಿ ಕಟ್ಟಿಕೊಂಡಿರುವುದೂ ನಿಜವಿರಬಹುದು.

ಸಭೆ ಹೇಗಿರಬೇಕೆಂಬುದಕ್ಕೆ ಕಾನೂನಿನಲ್ಲೇ ಒಂದು ಮಾದರಿ ಇದೆ. ಪರಿಸರ ಅನುಮತಿಗಾಗಿ ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ವಿಧಿಸಿರುವ ನಿಯಮಗಳಂತೆ, ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಕಲಾಪವನ್ನು ವಿಡಿಯೊ ಮಾಡಬೇಕು, ಎದ್ದ ಪ್ರಶ್ನೆಗಳ ಸಾರಾಂಶವನ್ನು ಸಭೆಯ ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಎಲ್ಲರೆದುರು ಓದಿ ಹೇಳಬೇಕು. ಆಚರಣೆಯಲ್ಲಿ ಇದು ಎಷ್ಟೋ ಕಡೆ ಶಾಸ್ತ್ರಕ್ಕೆ ಇಳಿದಿದೆಯಾದರೂ ಆ ಕೊನೆಯ ನಿಯಮ ಅಮೂಲ್ಯ. ಗ್ರಾಮಸಭೆಯಲ್ಲೂ ನಡಾವಳಿಯನ್ನು ಅಲ್ಲೇ ಓದಿ, ‘ನೀವು ಹೇಳಿದ್ದು ಹೀಗೆಯೇ?’ ಎಂದು ಕೇಳಿ, ಆಮೇಲೆ ಸಹಿ ಹಾಕಿಸಬೇಕು. ಖಾಲಿ ಪುಟಕ್ಕೆ ಮೊದಲೇ ಸಹಿ ತೆಗೆದುಕೊಳ್ಳುವ ರೂಢಿಯಿದ್ದರೆ ಅದನ್ನು ಅಂದೇ ನಿಲ್ಲಿಸಬೇಕು.

ಬರೆಯುವುದು ಹೇಗೆಂಬುದಕ್ಕೆ ಒಂದು ಕಾಲ್ಪನಿಕ ಮಾದರಿ ಹೀಗಿರಬಹುದು: ‘ವಿಷಯ: ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗೆ ಆಕ್ಷೇಪಣೆ. ಹಾಜರಿದ್ದವರಲ್ಲಿ ಹೆಚ್ಚಿನವರು ಕರಡನ್ನು ಕೈಬಿಡಬೇಕೆಂದರು. ಎರಡನೇ ವಾರ್ಡಿನ ಐವರು ಒಪ್ಪದೆ, ಮೇಲಿನ ಗುಡ್ಡದಲ್ಲಿ ಕಲ್ಲು ಕ್ವಾರಿ ಬಂದರೆ ತಮ್ಮ ಹಳ್ಳದ ನೀರು ಕೆಡುತ್ತದೆ, ಗಣಿಗಾರಿಕೆ ನಿಷೇಧದ ಅಂಶವನ್ನಾದರೂ ಉಳಿಸಬೇಕು ಎಂದರು. ಕ್ವಾರಿ ಅರ್ಜಿ ಬಂದಲ್ಲಿ ಪ್ರತ್ಯೇಕ ಸಭೆ ಕರೆಯಲಾಗುವುದೆಂದು ಅಧ್ಯಕ್ಷರು ಉತ್ತರಿಸಿದರು; ಐವರಿಗೆ ಇದು ಸಮಾಧಾನ ತರಲಿಲ್ಲ. ಎಣಿಸಲಾಗಿ ಪರ 112, ವಿರೋಧ 5, ತಟಸ್ಥ 9. ನಿರ್ಣಯ ಅಂಗೀಕಾರವಾಯಿತು. ಐವರ ಭಿನ್ನಾಭಿಪ್ರಾಯವನ್ನು ನಿರ್ಣಯದೊಂದಿಗೆ ಲಗತ್ತಿಸಿ ಕಳುಹಿಸಲು ತೀರ್ಮಾನಿಸಲಾಯಿತು.’ ಈ ಮಾದರಿಯಲ್ಲಿ ಬಹುಮತದ ನಿರ್ಣಯಕ್ಕೆ ಕಿಂಚಿತ್ತೂ ಧಕ್ಕೆಯಾಗಿಲ್ಲ. ‘ಸಮಾಧಾನ ತರಲಿಲ್ಲ’ ಎಂಬ ಎರಡು ಪದಗಳನ್ನು ಬರೆಯಲು ಮಾತ್ರ ಗುಮಾಸ್ತರ ಕೈ ನಡುಗಬಹುದು. ಬರೆಯಿರಿ ಎಂದು ಅಧ್ಯಕ್ಷರೇ ಹೇಳಬೇಕು. ಮೇಲಿನ ಕಚೇರಿಯಲ್ಲಿ ಓದುವವರಿಗೂ ಇಂಥ ನಡಾವಳಿಯ ಮೇಲೆ ಸರ್ವಾನುಮತದ ಒಂದು ಸಾಲಿಗಿಂತ ಹೆಚ್ಚು ನಂಬಿಕೆ ಬರುತ್ತದೆ.

ಎಲ್ಲಿಯವರೆಗೆ ಬಿಡಬೇಕು

ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯವನ್ನೂ, ಶಾಂತಿಯಿಂದ ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನೂ, ಸಂಘ ಕಟ್ಟುವ ಹಕ್ಕನ್ನೂ ಕೊಟ್ಟು, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮೊದಲಾದ ನಿರ್ದಿಷ್ಟ ಕಾರಣಗಳಿಗೆ ಯುಕ್ತ ನಿರ್ಬಂಧ ಹೇರಲು ಅವಕಾಶ ಕೊಡುತ್ತದೆ. ಕೇಳಿದವರಿಗೆ ಇಷ್ಟವಾಗಲಿಲ್ಲ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಒಂದು ಜಾತಿಯನ್ನೋ ಧರ್ಮವನ್ನೋ ಹೊಡೆಯಿರಿ, ಓಡಿಸಿ ಎನ್ನುವ ಮಾತನ್ನು ತಡೆಯಲೇಬೇಕು. ಅದು ಇತರರ ಬಾಯಿ ಮುಚ್ಚಿಸುವ ಮಾತು. ಆದರೆ ಶಾಸಕರನ್ನು, ಸರ್ಕಾರವನ್ನು, ಯೋಜನೆಯನ್ನು ಕಟುವಾಗಿ ಟೀಕಿಸುವುದು, ಸುಮ್ಮನೆ ಎದ್ದು ಹೋಗುವುದು, ಕೈ ಎತ್ತದೆ ಕೂರುವುದು ಅಪರಾಧವಲ್ಲ. ರಾಷ್ಟ್ರಗೀತೆ ಹಾಡದೆ ಗೌರವದಿಂದ ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಪು ಕೊಟ್ಟದ್ದನ್ನು ಇಲ್ಲಿ ನೆನೆಯಬಹುದು.

ಬಾಬಾಬುಡನ್‌ಗಿರಿಯಂಥ ಸೂಕ್ಷ್ಮ ವಿಷಯಗಳಲ್ಲಿ ಮೆರವಣಿಗೆಗಳ ಕಾಲಕ್ಕೆ ನಿಷೇಧಾಜ್ಞೆ ಬರುವುದು ಚಿಕ್ಕಮಗಳೂರಿನವರಿಗೆ ಹೊಸತಲ್ಲ. ಇಂಥ ಆಜ್ಞೆಗೆ ಅಧಿಕಾರ ಕೊಡುತ್ತಿದ್ದ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಈ ಅಧಿಕಾರವನ್ನು ನ್ಯಾಯಬದ್ಧ ಅಭಿಪ್ರಾಯ, ಅಹವಾಲುಗಳನ್ನು ಅದುಮಲು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಸೀನ್ ಪ್ರಕರಣದಲ್ಲಿ ಹೇಳಿದೆ. ಆಜ್ಞೆಯಲ್ಲಿ ಕಾರಣ ಬರೆದಿರಬೇಕು, ಅದು ಜನರಿಗೆ ಸಿಗುವಂತಿರಬೇಕು.

ಸಂವಿಧಾನ ಸಭೆಯ 1949ರ ನವೆಂಬರ್ 25ರ ಭಾಷಣದಲ್ಲಿ ಡಾ. ಅಂಬೇಡ್ಕರ್ ಅವರು, ಸಂವಿಧಾನಬದ್ಧ ಮಾರ್ಗಗಳು ತೆರೆದಿರುವಾಗ ಅಸಹಕಾರ, ಸತ್ಯಾಗ್ರಹಗಳಂಥ ಮಾರ್ಗಗಳಿಗೆ ಸಮರ್ಥನೆಯಿಲ್ಲವೆಂದು ಎಚ್ಚರಿಸಿದ್ದರು. ಪ್ರತಿಭಟನಾಕಾರರನ್ನು ಬೈಯಲು ಈ ಮಾತನ್ನು ಬಳಸುವವರು ‘ತೆರೆದಿರುವಾಗ’ ಎಂಬ ಷರತ್ತನ್ನು ಬಿಟ್ಟುಬಿಡುತ್ತಾರೆ. ಆನೆ ದಾಳಿಯಲ್ಲಿ ಸತ್ತವರ ಶವವಿಟ್ಟುಕೊಂಡು ಜನ ರಸ್ತೆಯಲ್ಲಿ ಕೂರುವುದನ್ನು ಮಲೆನಾಡು ಮತ್ತೆ ಮತ್ತೆ ಕಂಡಿದೆ. ಅವರಲ್ಲಿ ಎಷ್ಟೋ ಮಂದಿ ಮೊದಲು ಅರ್ಜಿ ಕೊಟ್ಟವರು, ಸಭೆಯಲ್ಲಿ ಹೇಳಿದವರು. ಪುಸ್ತಕದಲ್ಲಿ ಜಾಗ ಸಿಗದ ಮಾತು ಹೆದ್ದಾರಿಗೆ ಬಂದರೆ ಅದರ ಹೊಣೆ ಪುಸ್ತಕ ಬರೆದವರ ಮೇಲೂ ಇದೆ.

ಸಭೆಯ ನಂತರ

ಮಾತಾಡಿದವರ ಮೇಲೆ ಸೇಡು ತೀರಿಸಿಕೊಳ್ಳುವುದು ಸಭೆಯಲ್ಲಿ ನಡೆಯುವುದಿಲ್ಲ. ವಾರ ಕಳೆದ ಮೇಲೆ, ಮನೆ ಮಂಜೂರಾತಿಯ ಪಟ್ಟಿಯಿಂದ ಹೆಸರು ಬಿಡುವುದರಲ್ಲಿ, ಉದ್ಯೋಗ ಖಾತರಿ ಕೆಲಸ ಕೊಡದಿರುವುದರಲ್ಲಿ, ಕೂಲಿಗೆ ಕರೆಯದಿರುವುದರಲ್ಲಿ ನಡೆಯುತ್ತದೆ. ಆದ್ದರಿಂದ ವಿರೋಧ ದಾಖಲಿಸಿದವರ ಅರ್ಜಿಗಳು ಮುಂದಿನ ತಿಂಗಳುಗಳಲ್ಲಿ ಏನಾದವು ಎಂದು ಪಿಡಿಒ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ ಎಂಬುದನ್ನು ಸಭೆಯಲ್ಲೇ ಓದಿ ಹೇಳುವುದು ಒಳ್ಳೆಯದು.

ಮುಂದಿನ ಗ್ರಾಮಸಭೆ ಆರಂಭವಾಗುವಾಗ ಹಿಂದಿನ ಸಭೆಯ ನಿರ್ಣಯಗಳ ಜೊತೆ ಆಕ್ಷೇಪಣೆಗಳನ್ನೂ ಓದಿ, ಪ್ರತಿಯೊಂದಕ್ಕೂ ಏನಾಯಿತೆಂದು ತಿಳಿಸಬೇಕು. ಏನೂ ಆಗಿಲ್ಲವಾದರೆ ಆಗಿಲ್ಲವೆಂದೇ ಹೇಳಬೇಕು.

ವಿರೋಧಿಸುವವರು ತಮ್ಮ ಮಾತನ್ನು ಒಂದು ಪುಟದಲ್ಲಿ ಬರೆದು ತರಬೇಕು: ಯಾವ ನಿರ್ಣಯದ ಯಾವ ಭಾಗ ಒಪ್ಪಿಗೆಯಿಲ್ಲ, ಯಾಕೆ, ಬದಲಿಗೆ ಏನಾಗಬೇಕು. ಹಳೆಯ ಲೆಕ್ಕವೆಲ್ಲ ಒಂದೇ ದಿನ ಚುಕ್ತಾ ಮಾಡಲು ಹೋದರೆ ಮುಖ್ಯ ವಿಷಯ ಕೊಚ್ಚಿಹೋಗುತ್ತದೆ. ಪುಟದ ಎರಡು ಪ್ರತಿ ಮಾಡಿ, ಒಂದನ್ನು ಸಭೆಗೆ ಕೊಟ್ಟು, ಇನ್ನೊಂದರ ಮೇಲೆ ಪಂಚಾಯಿತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಕೆಲವು ದಿನಗಳ ನಂತರ ನಡಾವಳಿಯ ಪ್ರತಿ ಕೇಳಬೇಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ₹10 ಶುಲ್ಕದೊಂದಿಗೆ ಅರ್ಜಿ ಹಾಕಬೇಕು. 30 ದಿನದೊಳಗೆ ಉತ್ತರ ಬರಬೇಕು. ತಮ್ಮ ಆಕ್ಷೇಪಣೆ ಅದರಲ್ಲಿ ಇಲ್ಲವೆಂದು ಕಂಡರೆ, ಮೊಹರಿನ ಪ್ರತಿಯನ್ನು ಲಗತ್ತಿಸಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತ ದೂರು ಕೊಟ್ಟು, ಅದರ ಇನ್ನೊಂದು ಪ್ರತಿಯನ್ನು ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಅಧ್ಯಕ್ಷರನ್ನೇ ಕೋರಬೇಕು.